ಎಫ್‌ಎಂ ರಿಸೀವರ್ ಡ್ರೈವರ್‌ನ ಕಂಟ್ರೋಲ್‌ಗಳಿಗೆ ದಾಖಲೆ ಬರೆಯುವುದು: ಎಸ್‌ಐ4703 ಚಿಪ್‌ನ ಒಂದು ಪ್ರಕರಣ

ಲಿನಕ್ಸ್ ಓಡುವ ಒಂದು ಸಣ್ಣ ಬೋರ್ಡ್. ಅದಕ್ಕೆ ಐ2ಸಿ ತಂತಿಗಳಲ್ಲಿ ಸಿಲಿಕಾನ್ ಲ್ಯಾಬ್ಸ್‌ನ ಎಸ್‌ಐ4703 ಎಫ್‌ಎಂ ರಿಸೀವರ್ ಚಿಪ್ ಜೋಡಿಸಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುವ ಎಸ್‌ಐ470ಎಕ್ಸ್ ಡ್ರೈವರ್ ಅದನ್ನು ನಡೆಸುತ್ತದೆ. ಈ ಡ್ರೈವರ್‌ನಲ್ಲಿ ಡಿ-ಎಂಫಸಿಸ್ (ಪ್ರಸಾರದಲ್ಲಿ ಎತ್ತಿ ಕಳಿಸಿದ ಮೇಲಿನ ಸ್ವರಗಳನ್ನು ರಿಸೀವರ್ ಇಳಿಸುವುದು) ಆಯ್ಕೆ ಇರುವುದು ಮಾಡ್ಯೂಲ್ ಪ್ಯಾರಾಮೀಟರ್ ಆಗಿ. ಡ್ರೈವರ್ ಲೋಡ್ ಮಾಡುವಾಗ ಕೊಟ್ಟರೆ ಕೊಟ್ಟಂತೆ. ಅದರ ಅನುಮತಿ 0444, ಅಂದರೆ ಓದಬಹುದು, ಬದಲಿಸಲಾಗದು. ಬದಲಿಸಬೇಕಾದರೆ ಡ್ರೈವರನ್ನೇ ಇಳಿಸಿ ಮತ್ತೆ ಏರಿಸಬೇಕು. ಅದರ ಬದಲು ಓಡುತ್ತಿರುವಾಗಲೇ ಅಪ್ಲಿಕೇಶನ್ ಬದಲಿಸಬಲ್ಲ ಕಂಟ್ರೋಲ್ ಬೇಕು, ಜೊತೆಗೆ ಅಪ್ಲಿಕೇಶನ್ ಬರೆಯುವವರು ನಂಬಬಹುದಾದ ದಾಖಲೆಯೂ ಬೇಕು. ಪ್ರಕರಣ ಇಷ್ಟೇ.

ಮೊದಲ ಕರಡಿನಲ್ಲಿದ್ದದ್ದು ಒಂದೇ ಸಾಲು: "ಡಿ-ಎಂಫಸಿಸ್: 0 ಅಥವಾ 1. ಡೀಫಾಲ್ಟ್ 1." ಡೇಟಾಶೀಟ್‌ನಲ್ಲಿ ಬಿಟ್‌ನ ಹೆಸರು ಡಿಇ, ಅದರ ಬೆಲೆ 0 ಅಥವಾ 1. ಆದ್ದರಿಂದ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೂ ಅಪ್ಲಿಕೇಶನ್ ಬರೆಯುವವರಿಗೆ ಅದರಿಂದ ಉಪಯೋಗವಿಲ್ಲ, ಅಪಾಯವೇ ಹೆಚ್ಚು. 1 ಅಂದರೆ "ಆನ್" ಎಂದೇ ಎಲ್ಲರೂ ಓದುತ್ತಾರೆ. ಈ ಚಿಪ್‌ನಲ್ಲಿ ಡಿ-ಎಂಫಸಿಸ್ ಆಫ್ ಎಂಬ ಸ್ಥಿತಿಯೇ ಇಲ್ಲ: 0 ಅಂದರೆ 75 ಮೈಕ್ರೊಸೆಕೆಂಡ್, 1 ಅಂದರೆ 50 ಮೈಕ್ರೊಸೆಕೆಂಡ್.

ಡಿ-ಎಂಫಸಿಸ್ ತಪ್ಪಿದರೆ ಕಿವಿಗೆ ಏನಾಗುತ್ತದೆ

ಎಫ್‌ಎಂ ಪ್ರಸಾರದಲ್ಲಿ ಹಿಸ್ ಸದ್ದು ಮೇಲಿನ ಆವರ್ತನಗಳಲ್ಲಿ ಹೆಚ್ಚು. ಅದಕ್ಕೇ ಪ್ರಸಾರ ಮಾಡುವವರು ಮೇಲಿನ ಸ್ವರಗಳನ್ನು ಎತ್ತಿ ಕಳಿಸುತ್ತಾರೆ (ಪ್ರಿ-ಎಂಫಸಿಸ್), ರಿಸೀವರ್ ಅಷ್ಟೇ ಪ್ರಮಾಣದಲ್ಲಿ ಇಳಿಸುತ್ತದೆ (ಡಿ-ಎಂಫಸಿಸ್). ಇಳಿಸುವಾಗ ಹಿಸ್ ಕೂಡ ಇಳಿಯುತ್ತದೆ. ಎತ್ತುವ ಪ್ರಮಾಣವೂ ಇಳಿಸುವ ಪ್ರಮಾಣವೂ ಒಂದೇ ಆಗಿರಬೇಕು. ಭಾರತದಲ್ಲೂ ಯುರೋಪಿನಲ್ಲೂ ಇದು 50 ಮೈಕ್ರೊಸೆಕೆಂಡ್; ಅಮೆರಿಕದಲ್ಲಿ 75. ಅಂದರೆ ಫಿಲ್ಟರ್‌ನ ಮೂಲೆ 50ಕ್ಕೆ ಸುಮಾರು 3183 ಹರ್ಟ್ಸ್‌ನಲ್ಲಿ, 75ಕ್ಕೆ ಸುಮಾರು 2122 ಹರ್ಟ್ಸ್‌ನಲ್ಲಿ.

ಬೆಂಗಳೂರಿನ ಸ್ಟೇಷನ್ನನ್ನು 75ರಲ್ಲಿ ಕೇಳಿದರೆ 10 ಕಿಲೋಹರ್ಟ್ಸ್ ಆಸುಪಾಸಿನ ಸದ್ದು ಸುಮಾರು 3 ಡೆಸಿಬೆಲ್ ಕುಗ್ಗುತ್ತದೆ. ತಾಳದ ಝಣ, "ಸ" "ಷ" ಅಕ್ಷರಗಳ ಅಂಚು ಮಂಕಾಗುತ್ತವೆ. ಅದೇ ಬೋರ್ಡನ್ನು ನ್ಯೂಜೆರ್ಸಿಯಲ್ಲಿರುವ ಕನ್ನಡಿಗರ ಮನೆಯಲ್ಲಿ 50ರಲ್ಲೇ ಬಿಟ್ಟರೆ ಸದ್ದು ಚೂಪಾಗಿ ಚುಚ್ಚುತ್ತದೆ. ಎರಡೂ ಸಂದರ್ಭದಲ್ಲಿ ರೇಡಿಯೊ ಕೆಲಸ ಮಾಡುತ್ತಲೇ ಇರುತ್ತದೆ, ದೋಷದ ಸಂದೇಶ ಎಲ್ಲೂ ಬರುವುದಿಲ್ಲ. "ಈ ಬೋರ್ಡಿನ ಆಡಿಯೊ ಸರಿಯಿಲ್ಲ" ಎಂಬ ದೂರು ಮಾತ್ರ ಬರುತ್ತದೆ, ಸ್ಪೀಕರ್ ಬದಲಾಗುತ್ತದೆ, ಕೆಪಾಸಿಟರ್ ಬದಲಾಗುತ್ತದೆ, ದಾಖಲೆಯ ಆ ಒಂದು ಸಾಲನ್ನು ಯಾರೂ ಅನುಮಾನಿಸುವುದಿಲ್ಲ.

ಚಿಪ್‌ನ ಅಂಕಿ ಬೇರೆ, ಇಂಟರ್‌ಫೇಸ್‌ನ ಅಂಕಿ ಬೇರೆ

ಲಿನಕ್ಸ್ ಅಪ್ಲಿಕೇಶನ್‌ಗಳು ವಿಡಿಯೊ, ರೇಡಿಯೊ ಸಾಧನಗಳ ಜೊತೆ ಮಾತಾಡುವ ವಿ4ಎಲ್2 ಇಂಟರ್‌ಫೇಸ್‌ನಲ್ಲಿ ಎಫ್‌ಎಂ ರಿಸೀವರ್‌ಗಳಿಗೆಂದೇ ಎಫ್‌ಎಂ ಆರ್‌ಎಕ್ಸ್ ಎಂಬ ಕಂಟ್ರೋಲ್ ವರ್ಗ ಇದೆ. ಅದರಲ್ಲಿ ಟ್ಯೂನ್ ಡಿ-ಎಂಫಸಿಸ್ ಎಂಬುದು ಮೆನು ಬಗೆಯ ಕಂಟ್ರೋಲ್. ಮೂರು ಸ್ಥಾನಗಳು: 0 ಅಂದರೆ ಡಿ-ಎಂಫಸಿಸ್ ಇಲ್ಲ, 1 ಅಂದರೆ 50 ಮೈಕ್ರೊಸೆಕೆಂಡ್, 2 ಅಂದರೆ 75. ಎಲ್ಲ ಚಿಪ್‌ಗಳಿಗೂ ಇದೇ ಅಂಕಿ. ಚಿಪ್ ಒಳಗೆ ಏನೇ ಇರಲಿ, ಅದನ್ನು ಈ ಅಂಕಿಗಳಿಗೆ ಹೊಂದಿಸುವುದು ಡ್ರೈವರ್‌ನ ಕೆಲಸ. ದಾಖಲೆಯಲ್ಲಿ ಬರಬೇಕಾದದ್ದು ಇಂಟರ್‌ಫೇಸ್‌ನ ಅಂಕಿ, ಚಿಪ್‌ನದಲ್ಲ.

ಇಲ್ಲಿ ಒಂದು ಮೋಜಿನ ಬಲೆ ಇದೆ. ಎಸ್‌ಐ4703ರಲ್ಲಿ ಡಿಇ ಇರುವುದು ಹೆಕ್ಸ್ (ಹದಿನಾರರ ಎಣಿಕೆಯ) 04ನೇ ರಿಜಿಸ್ಟರ್‌ನ, ಅಂದರೆ ಚಿಪ್‌ನೊಳಗಿನ ಸೆಟ್ಟಿಂಗ್ ಗೂಡಿನ, 11ನೇ ಬಿಟ್‌ನಲ್ಲಿ. ಮೆನುವಿನ ಬೆಲೆಯನ್ನು ಹಾಗೇ 11 ಸ್ಥಾನ ಎಡಕ್ಕೆ ಸರಿಸಿ, ಡಿಇ ಬಿಟ್‌ಗೆ ಮಾಸ್ಕ್ ಹಾಕಿ (ಆ ಒಂದು ಬಿಟ್ ಮಾತ್ರ ಉಳಿಸಿ) ಬರೆದರೆ ಏನಾಗುತ್ತದೆ ನೋಡಿ. 1 ಕೊಟ್ಟರೆ ಬಿಟ್ 1 ಆಗುತ್ತದೆ: 50, ಸರಿ. 2 ಕೊಟ್ಟರೆ ಅದರ ಕೊನೆಯ ಬಿಟ್ 0, ಆದ್ದರಿಂದ ಡಿಇ 0: 75, ಇದೂ ಸರಿ, ಆದರೆ ಅದೃಷ್ಟದಿಂದ. 0 ಕೊಟ್ಟರೆ ಡಿಇ 0: 75. ಡಿ-ಎಂಫಸಿಸ್ ಆಫ್ ಆಗಿದೆ ಎಂದು ಅಪ್ಲಿಕೇಶನ್ ನಂಬಿಕೊಂಡಿರುತ್ತದೆ, ಚಿಪ್ 75 ಹಾಕಿಕೊಂಡು ಕೂತಿರುತ್ತದೆ. ಪರೀಕ್ಷೆ ಮಾಡುವವರು 1 ಮತ್ತು 2ನ್ನು ಮಾತ್ರ ನೋಡಿದರೆ ಎಲ್ಲವೂ ಪಾಸ್.

ಮಾಸ್ಕ್ ಮರೆತರೆ ಇನ್ನೂ ವಿಚಿತ್ರ. 2ನ್ನು 11 ಸ್ಥಾನ ಸರಿಸಿದರೆ ಅದು ಹೋಗಿ ಕೂರುವುದು 12ನೇ ಬಿಟ್‌ನಲ್ಲಿ. ಆ ಬಿಟ್ ಆರ್‌ಡಿಎಸ್ (ಪ್ರಸಾರದ ಜೊತೆಗೇ ಬರುವ ಸ್ಟೇಷನ್ ಹೆಸರು, ಪಠ್ಯ ಇತ್ಯಾದಿ ಮಾಹಿತಿ) ಆನ್ ಮಾಡುವಂಥದ್ದು. 75 ಮೈಕ್ರೊಸೆಕೆಂಡ್ ಆರಿಸಿದ ಕೂಡಲೇ ಆರ್‌ಡಿಎಸ್ ತಾನಾಗಿ ಶುರುವಾಗುತ್ತದೆ, ಬೇಡದ ಇಂಟರಪ್ಟ್‌ಗಳು ಬರತೊಡಗುತ್ತವೆ. ಸದ್ದಿನ ಕಂಟ್ರೋಲ್‌ಗೂ ಇದಕ್ಕೂ ಸಂಬಂಧ ಇದೆ ಎಂದು ಹೊಳೆಯಲು ರಿಜಿಸ್ಟರ್ ನಕ್ಷೆಯನ್ನೇ ಬಿಚ್ಚಬೇಕು. ಆದ್ದರಿಂದ ಡ್ರೈವರ್‌ನಲ್ಲಿ ಲೆಕ್ಕದ ಚಮತ್ಕಾರ ಬೇಡ: 50 ಆದರೆ ಬಿಟ್ ಹಾಕು, 75 ಆದರೆ ತೆಗೆ ಎಂದು ನೇರವಾಗಿ ಬರೆಯುವುದೇ ಒಳ್ಳೆಯದು.

ಆಫ್ ಎಂಬ ಸ್ಥಾನ ಈ ಚಿಪ್‌ನಲ್ಲಿ ಇಲ್ಲವಾದ್ದರಿಂದ ಕಂಟ್ರೋಲ್ ನೋಂದಾಯಿಸುವಾಗಲೇ ಅದನ್ನು ಬಿಡಬೇಕು. ಮೆನು ಕಂಟ್ರೋಲ್ ನೋಂದಾಯಿಸುವ ಫಂಕ್ಷನ್‌ಗೆ ಗರಿಷ್ಠ ಬೆಲೆ, ಬಿಡಬೇಕಾದ ಸ್ಥಾನಗಳ ಮಾಸ್ಕ್, ಡೀಫಾಲ್ಟ್ ಈ ಮೂರನ್ನು ಕೊಡುತ್ತೇವೆ. ಇಲ್ಲಿ ಗರಿಷ್ಠ 2, ಮಾಸ್ಕ್‌ನಲ್ಲಿ 0ನೇ ಸ್ಥಾನದ ಬಿಟ್, ಡೀಫಾಲ್ಟ್ 1. ಇದರ ಪರಿಣಾಮವನ್ನೂ ದಾಖಲೆ ಹೇಳಬೇಕು. ಕಂಟ್ರೋಲ್‌ನ ವಿವರ ಕೇಳಿದರೆ ಕನಿಷ್ಠ 0, ಗರಿಷ್ಠ 2 ಎಂದೇ ಉತ್ತರ ಬರುತ್ತದೆ. 0ನೇ ಮೆನು ಸಾಲು ಕೇಳಿದಾಗ ಮಾತ್ರ ದೋಷ 22, ಅಂದರೆ ಈ-ಇನ್‌ವಾಲ್ ಸಿಗುತ್ತದೆ. ಮೊದಲ ದೋಷ ಬಂದ ಕೂಡಲೇ ಲೂಪ್ ನಿಲ್ಲಿಸುವ ಅಪ್ಲಿಕೇಶನ್‌ಗೆ ಮೆನು ಪೂರ್ತಿ ಖಾಲಿ ಕಾಣುತ್ತದೆ. ಕನಿಷ್ಠದಿಂದ ಗರಿಷ್ಠದವರೆಗೆ ಪೂರ್ತಿ ಹೋಗಬೇಕು, ದೋಷ ಬಂದದ್ದನ್ನು ಬಿಟ್ಟು ಮುಂದೆ ಸಾಗಬೇಕು.

ದೋಷಗಳ ವಿಷಯದಲ್ಲಿ ಮೆನುವೂ ಇಂಟಿಜರ್ ಕಂಟ್ರೋಲೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಇಲ್ಲಿ ಡಿ-ಎಂಫಸಿಸ್‌ಗೆ 0 ಬರೆದರೆ ಈ-ಇನ್‌ವಾಲ್. 3 ಬರೆದರೆ ದೋಷ 34, ಈ-ರೇಂಜ್. ವಾಲ್ಯೂಮ್ ಇಂಟಿಜರ್ ಬಗೆಯದು, 0ರಿಂದ 15. ಅದಕ್ಕೆ 20 ಬರೆದರೆ ದೋಷವೇ ಬರುವುದಿಲ್ಲ, ಫ್ರೇಮ್‌ವರ್ಕ್ ಸದ್ದಿಲ್ಲದೆ 15 ಮಾಡಿಬಿಡುತ್ತದೆ. "ವ್ಯಾಪ್ತಿ ಮೀರಿದರೆ ದೋಷ ಬರುತ್ತದೆ" ಎಂದು ಎಲ್ಲ ಕಂಟ್ರೋಲ್‌ಗಳಿಗೂ ಸೇರಿಸಿ ಒಂದೇ ಸಾಲು ಬರೆಯುವುದು ಆದ್ದರಿಂದ ತಪ್ಪು.

ತೆರೆದು ಮುಚ್ಚಿದಾಗ ಕಳೆದುಹೋಗುವ ಬೆಲೆ

ಕಂಟ್ರೋಲ್ ಸೇರಿಸಿಯಾಯಿತು. ಕಮಾಂಡ್ ಸಾಲಿನಿಂದ 75 ಹಾಕಲಾಯಿತು, ಓದಿದರೆ 75 ಎಂದೇ ತೋರಿಸುತ್ತದೆ. ಆಮೇಲೆ ರೇಡಿಯೊ ಅಪ್ಲಿಕೇಶನ್ ತೆರೆದರೆ ಸದ್ದು 50ರದ್ದು. ಈ ಪ್ರಕರಣದಲ್ಲಿ ಹೆಚ್ಚು ಹೊತ್ತು ತಿಂದದ್ದು ಇದೇ.

ಕಾರಣ ಡ್ರೈವರ್‌ನ ಆರಂಭದ ಹಾದಿಯಲ್ಲಿದೆ. ಐ2ಸಿ ಆವೃತ್ತಿಯಲ್ಲಿ ರೇಡಿಯೊ ಕಡತವನ್ನು (ಲಿನಕ್ಸ್‌ನಲ್ಲಿ ಸಾಧನ ಕಾಣುವುದು ಒಂದು ಕಡತವಾಗಿ) ಮೊದಲನೆಯವರು ತೆರೆದಾಗ ಚಿಪ್ ಎಚ್ಚರವಾಗುತ್ತದೆ, ಕೊನೆಯವರು ಮುಚ್ಚಿದಾಗ ಮಲಗುತ್ತದೆ. ಎಚ್ಚರಿಸುವ ಫಂಕ್ಷನ್ ಹೆಕ್ಸ್ 04ನೇ ರಿಜಿಸ್ಟರನ್ನು ಹೊಸದಾಗಿ ಬರೆಯುತ್ತದೆ, ಡಿಇ ಬಿಟ್‌ಗೆ ಬೆಲೆಯನ್ನು ಮಾಡ್ಯೂಲ್ ಪ್ಯಾರಾಮೀಟರ್‌ನಿಂದ ತೆಗೆದುಕೊಳ್ಳುತ್ತದೆ. ಕಮಾಂಡ್ ಸಾಲಿನ ಉಪಕರಣ ಕಡತ ತೆರೆದು, ಬೆಲೆ ಬರೆದು, ಮುಚ್ಚುತ್ತದೆ. ಅಲ್ಲಿಗೆ ಚಿಪ್ ಮಲಗಿತು. ಮುಂದಿನವರು ತೆರೆದಾಗ ಮತ್ತೆ ಪ್ಯಾರಾಮೀಟರ್‌ನ 50. ಕಂಟ್ರೋಲ್ ಫ್ರೇಮ್‌ವರ್ಕ್‌ನ ನೆನಪಿನಲ್ಲಿ ಮಾತ್ರ 75 ಉಳಿದಿರುತ್ತದೆ.

"ಹಾಗಾದರೆ ಇನ್ನೊಮ್ಮೆ 75 ಹಾಕಿದರಾಯಿತು" ಅನ್ನುವಂತಿಲ್ಲ. ಹೊಸ ಬೆಲೆ ಹಳೆಯದೇ ಆಗಿದ್ದರೆ ಫ್ರೇಮ್‌ವರ್ಕ್ ಡ್ರೈವರನ್ನು ಕರೆಯುವುದೇ ಇಲ್ಲ. ಅದರ ಪ್ರಕಾರ ಬೆಲೆ ಆಗಲೇ 75. ಎಷ್ಟು ಸಲ 75 ಬರೆದರೂ ಚಿಪ್‌ಗೆ ಒಂದು ಬೈಟ್ ಕೂಡ ಹೋಗುವುದಿಲ್ಲ, ದೋಷವೂ ಬರುವುದಿಲ್ಲ. ಒಮ್ಮೆ 50 ಹಾಕಿ ಆಮೇಲೆ 75 ಹಾಕಿದರೆ ಸರಿಹೋಗುತ್ತದೆ. ಅದು ಗೊತ್ತಾದ ಮೇಲೆ ಕೆಲವರು ಅದನ್ನೇ "ಬಳಕೆಯ ಟಿಪ್ಪಣಿ" ಎಂದು ದಾಖಲೆಯಲ್ಲಿ ಬರೆದಿಡುತ್ತಾರೆ. ಹಾಗೆ ಮಾಡಬಾರದು; ದಾಖಲೆ ಡ್ರೈವರ್‌ನ ತಪ್ಪಿಗೆ ತೇಪೆ ಹಾಕುವ ಜಾಗವಲ್ಲ. ಸರಿಯಾದ ಪರಿಹಾರ ಡ್ರೈವರ್‌ನಲ್ಲಿದೆ: ಚಿಪ್ ಎಚ್ಚರವಾದ ಕೂಡಲೇ ಕಂಟ್ರೋಲ್ ಹ್ಯಾಂಡ್ಲರ್‌ನ ಸೆಟಪ್ ಫಂಕ್ಷನ್ ಕರೆದರೆ, ನೆನಪಿನಲ್ಲಿರುವ ಎಲ್ಲ ಬೆಲೆಗಳೂ ಚಿಪ್‌ಗೆ ಮತ್ತೆ ಹೋಗುತ್ತವೆ. ವಾಲ್ಯೂಮ್ ಇರುವ ಹೆಕ್ಸ್ 05ನೇ ರಿಜಿಸ್ಟರನ್ನೂ ಆರಂಭದ ಹಾದಿ ಹೊಸದಾಗಿ ಬರೆಯುವುದರಿಂದ ಅದಕ್ಕೂ ಇದೇ ಮದ್ದು.

ಹಳೆಯ ಪ್ಯಾರಾಮೀಟರನ್ನು ಏನು ಮಾಡುವುದು? ತೆಗೆದರೆ ಈಗಾಗಲೇ ಅದನ್ನು ಬಳಸುತ್ತಿರುವ ಸ್ಕ್ರಿಪ್ಟ್‌ಗಳು ಮುರಿಯುತ್ತವೆ. ಉಳಿಸಿ, ಅದರ ಪಾತ್ರವನ್ನು ಕಂಟ್ರೋಲ್‌ನ ಡೀಫಾಲ್ಟ್ ನಿರ್ಧರಿಸುವುದಕ್ಕೆ ಮಾತ್ರ ಇಳಿಸುವುದು ಉತ್ತಮ: ಪ್ಯಾರಾಮೀಟರ್ 1 ಇದ್ದರೆ ಡೀಫಾಲ್ಟ್ 50 (ಮೆನು 1), ಪ್ಯಾರಾಮೀಟರ್ 0 ಇದ್ದರೆ ಡೀಫಾಲ್ಟ್ 75 (ಮೆನು 2). ಒಂದೇ ವಿಷಯಕ್ಕೆ ಎರಡು ಅಂಕಿ ಪದ್ಧತಿ ಉಳಿಯುವುದು ಕಿರಿಕಿರಿಯೇ. ಅದಕ್ಕೇ ದಾಖಲೆಯಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ಇಡಬೇಕು.

ಅಳೆದು ನೋಡುವುದು

ಕಿವಿಯನ್ನು ನಂಬಿ ಇದನ್ನು ಬರೆಯಲಾಗದು. ಸ್ಟೇಷನ್‌ಗಳು ಆಡಿಯೊವನ್ನು ಸಾಕಷ್ಟು ಸಂಸ್ಕರಿಸಿಯೇ ಬಿಡುತ್ತವೆ. ಒಂದು ಸ್ಟೇಷನ್‌ನಲ್ಲಿ 75 ಕೂಡ ಚೂಪಾಗಿ ಕೇಳಬಹುದು. ಎರಡು ಪರೀಕ್ಷೆ ಬೇಕು: ಒಂದು ರಿಜಿಸ್ಟರ್‌ನಲ್ಲಿ, ಇನ್ನೊಂದು ಆಡಿಯೊದಲ್ಲಿ.

ರಿಜಿಸ್ಟರ್ ಓದುವಾಗ ಎಸ್‌ಐ4703ರ ಒಂದು ರೂಢಿ ತಿಳಿದಿರಬೇಕು. ಇದಕ್ಕೆ ರಿಜಿಸ್ಟರ್ ಸಂಖ್ಯೆ ಕಳಿಸಿ ಓದುವ ಪದ್ಧತಿ ಇಲ್ಲ. ಐ2ಸಿ ವಿಳಾಸ ಹೆಕ್ಸ್ 10ರಿಂದ ಓದಲು ಶುರು ಮಾಡಿದರೆ ಮೊದಲು ಬರುವುದು ಹೆಕ್ಸ್ 0ಎ ರಿಜಿಸ್ಟರ್‌ನ ಮೇಲಿನ ಬೈಟ್. 0ಎಫ್ ಆದ ಮೇಲೆ ಸುತ್ತಿ 00ಕ್ಕೆ ಬರುತ್ತದೆ. ಒಟ್ಟು 16 ರಿಜಿಸ್ಟರ್, 32 ಬೈಟ್. ನಮಗೆ ಬೇಕಾದ 04ರ ಮೇಲಿನ ಬೈಟ್ ಆ ಸಾಲಿನಲ್ಲಿ 21ನೆಯದು. ಅದರಲ್ಲಿ ಹೆಕ್ಸ್ 08 ಬಿಟ್ ಇದ್ದರೆ 50, ಇಲ್ಲದಿದ್ದರೆ 75. ಹೆಕ್ಸ್ 10 ಬಿಟ್ ಆರ್‌ಡಿಎಸ್‌ನದು. ಡಿ-ಎಂಫಸಿಸ್ ಬದಲಿಸಿದಾಗ ಅದು ಅಲುಗಬಾರದು. ವಿಳಾಸವನ್ನು ಡ್ರೈವರ್ ಹಿಡಿದಿಟ್ಟಿರುವುದರಿಂದ ಐ2ಸಿ ಉಪಕರಣಕ್ಕೆ ಬಲವಂತದ ಆಯ್ಕೆ ಕೊಡಬೇಕಾಗುತ್ತದೆ, ಮತ್ತು ಇನ್ನೊಂದು ಟರ್ಮಿನಲ್‌ನಲ್ಲಿ ರೇಡಿಯೊ ಕಡತವನ್ನು ತೆರೆದೇ ಇಟ್ಟಿರಬೇಕು. ಓದುವುದು ಮಾತ್ರ, ಈ ದಾರಿಯಲ್ಲಿ ಬರೆದರೆ ಡ್ರೈವರ್‌ನ ನಕಲು ಪ್ರತಿಗೂ ಚಿಪ್‌ಗೂ ಹೊಂದಿಕೆ ತಪ್ಪುತ್ತದೆ.

ಆಡಿಯೊ ಪರೀಕ್ಷೆಗೆ ಎಫ್‌ಎಂ ಸಿಗ್ನಲ್ ಜನರೇಟರ್ ಬೇಕು. ಪ್ರಿ-ಎಂಫಸಿಸ್ ಆಫ್, ಮೊನೊ, ಡೀವಿಯೇಷನ್ (ಆವರ್ತನ ಅತ್ತಿತ್ತ ಸರಿಯುವ ಪ್ರಮಾಣ) 22.5 ಕಿಲೋಹರ್ಟ್ಸ್. ಮೊದಲು 400 ಹರ್ಟ್ಸ್ ಸ್ವರ, ಆಮೇಲೆ ಅದೇ ಡೀವಿಯೇಷನ್‌ನಲ್ಲಿ 10 ಕಿಲೋಹರ್ಟ್ಸ್ ಸ್ವರ. ಚಿಪ್‌ನ ಅನಲಾಗ್ ಆಡಿಯೊವನ್ನು ಸೌಂಡ್ ಕಾರ್ಡಿನ ಲೈನ್ ಇನ್‌ಗೆ ಕೊಟ್ಟು 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ, ಎರಡು ಸ್ವರಗಳ ಮಟ್ಟದ ವ್ಯತ್ಯಾಸ ನೋಡಬೇಕು. ಲೆಕ್ಕದ ಪ್ರಕಾರ 50ರಲ್ಲಿ 10 ಕಿಲೋಹರ್ಟ್ಸ್ ಸ್ವರ 10.3 ಡೆಸಿಬೆಲ್ ಕೆಳಗಿರಬೇಕು, 75ರಲ್ಲಿ 13.5. ಡೇಟಾಶೀಟ್ ಈ ಕಾಲಾಂಕಗಳಿಗೆ 45ರಿಂದ 54, 70ರಿಂದ 80 ಮೈಕ್ರೊಸೆಕೆಂಡ್ ಎಂಬ ಸಡಿಲಿಕೆ ಕೊಡುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದರೂ ಒಂದು 11ರೊಳಗೆ, ಇನ್ನೊಂದು ಸುಮಾರು 13ರ ಮೇಲೆ ಬೀಳುತ್ತದೆ. 12 ಡೆಸಿಬೆಲ್‌ನಲ್ಲಿ ಗೆರೆ ಎಳೆದರೆ ಗೊಂದಲಕ್ಕೆ ಎಡೆಯಿಲ್ಲ.

ಇದು ಕೆಡುವುದು ಮೂರು ಕಡೆ. ಸೌಂಡ್ ಕಾರ್ಡಿನ ಆಟೊ ಗೇನ್ ಆನ್ ಇದ್ದರೆ ಎರಡು ಸ್ವರಗಳೂ ಒಂದೇ ಮಟ್ಟಕ್ಕೆ ಬರುತ್ತವೆ. ಸಿಗ್ನಲ್ ದುರ್ಬಲವಾಗಿದ್ದರೆ ಸದ್ದನ್ನು ತಾನಾಗಿ ತಗ್ಗಿಸುವ ಸಾಫ್ಟ್ ಮ್ಯೂಟ್ ನಡುವೆ ತಲೆಹಾಕುತ್ತದೆ. ಜನರೇಟರ್‌ನ ಪ್ರಿ-ಎಂಫಸಿಸ್ ಆನ್ ಇದ್ದುಬಿಟ್ಟರೆ 50ರಲ್ಲಿ ವ್ಯತ್ಯಾಸ ಸೊನ್ನೆಗೆ ಹತ್ತಿರ ಬರುತ್ತದೆ, ಆಗ ಚಿಪ್ ಡಿ-ಎಂಫಸಿಸ್ ಮಾಡುತ್ತಿಲ್ಲ ಎಂಬ ತಪ್ಪು ತೀರ್ಮಾನ. ಜನರೇಟರ್ ಇಲ್ಲದಿದ್ದರೆ ಎಸ್‌ಐ4713 ಟ್ರಾನ್ಸ್‌ಮಿಟರ್ ಬೋರ್ಡ್ ಆದೀತು. ಅದರ ಲಿನಕ್ಸ್ ಡ್ರೈವರ್‌ನಲ್ಲೂ ಪ್ರಿ-ಎಂಫಸಿಸ್ ಕಂಟ್ರೋಲ್ ಇದೆ. ಆದರೆ ಆಂಟೆನಾ ಹಚ್ಚಿ ಗಾಳಿಗೆ ಬಿಡಬಾರದು. ಪರವಾನಗಿ ಇಲ್ಲದೆ ಎಫ್‌ಎಂ ಬ್ಯಾಂಡಿನಲ್ಲಿ ಪ್ರಸಾರ ಮಾಡುವಂತಿಲ್ಲ. ಅಟೆನ್ಯುಯೇಟರ್ ಹಾಕಿ ಕೇಬಲ್ ಮೂಲಕವೇ ಕೊಡಬೇಕು.

ಸಿಗ್ನಲ್ ಬಲವನ್ನು ಡ್ರೈವರ್ 0ರಿಂದ 65535ರ ಅಳತೆಯಲ್ಲಿ ಹೇಳುತ್ತದೆ. ಚಿಪ್ ಕೊಡುವುದು ಡೆಸಿಬೆಲ್-ಮೈಕ್ರೊವೋಲ್ಟ್, ಗರಿಷ್ಠ ಸುಮಾರು 75. ಡ್ರೈವರ್ ಅದನ್ನು 873.8ರಿಂದ ಗುಣಿಸುತ್ತದೆ. 35 ಇದ್ದರೆ 30583 ಕಾಣುತ್ತದೆ. ಇದು ಶೇಕಡಾವಾರು ಗುಣಮಟ್ಟ ಅಲ್ಲ ಎಂದು ದಾಖಲೆಯಲ್ಲಿ ಒಂದು ಮಾತು ಇರಲಿ; ಅಪ್ಲಿಕೇಶನ್‌ಗಳು ಇದನ್ನೇ "47% ಸಿಗ್ನಲ್" ಎಂದು ತೋರಿಸುವುದುಂಟು.

ಯಾವುದು ಕಂಟ್ರೋಲ್ ಅಲ್ಲ

ಬಳಕೆದಾರ ತಿರುಗಿಸುವುದೆಲ್ಲ ಕಂಟ್ರೋಲ್ ಎಂದುಕೊಂಡು ಪಟ್ಟಿ ಮಾಡಿದರೆ ಪುಟ ಕೆಡುತ್ತದೆ. ಆವರ್ತನ, ಬ್ಯಾಂಡ್, ಸ್ಟೇಷನ್ ಹುಡುಕಾಟ, ಮೊನೊ-ಸ್ಟೀರಿಯೊ ಇವೆಲ್ಲ ವಿ4ಎಲ್2ರಲ್ಲಿ ಪ್ರತ್ಯೇಕ ಐಆಕ್ಟಲ್‌ಗಳು (ಅಪ್ಲಿಕೇಶನ್ ಡ್ರೈವರ್‌ಗೆ ಕೊಡುವ ಕರೆಗಳು). ವಾಲ್ಯೂಮ್, ಮ್ಯೂಟ್ ಸಾಮಾನ್ಯ ಬಳಕೆದಾರ ವರ್ಗದ ಕಂಟ್ರೋಲ್‌ಗಳು. ಎಫ್‌ಎಂ ಆರ್‌ಎಕ್ಸ್ ವರ್ಗಕ್ಕೆ ಸೇರುವುದು ಡಿ-ಎಂಫಸಿಸ್ ಮತ್ತು ಆರ್‌ಡಿಎಸ್ ಸಂಬಂಧಿಸಿದವು ಮಾತ್ರ.

ಆವರ್ತನದ ಬಗ್ಗೆ ಎರಡು ಮಾತು ಈ ಪುಟದಲ್ಲೇ ಬರಬೇಕು, ಏಕೆಂದರೆ ಎಡವುವುದು ಅಲ್ಲೇ. ಟ್ಯೂನರ್ ಲೋ ಎಂಬ ಗುಣ ಸಾರಿದ್ದರೆ ಆವರ್ತನದ ಏಕಮಾನ 62.5 ಹರ್ಟ್ಸ್, ಇಲ್ಲದಿದ್ದರೆ 62.5 ಕಿಲೋಹರ್ಟ್ಸ್. ಎಸ್‌ಐ470ಎಕ್ಸ್ ಲೋ ಎಂದು ಸಾರುತ್ತದೆ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್‌ಗೆ ಕೊಡಬೇಕಾದ ಅಂಕಿ 16,20,800. ಎರಡನೆಯದು ಚಾನೆಲ್ ಅಂತರ. ಇದೂ ಮಾಡ್ಯೂಲ್ ಪ್ಯಾರಾಮೀಟರ್: 0 ಅಂದರೆ 200 ಕಿಲೋಹರ್ಟ್ಸ್, 1 ಅಂದರೆ 100, 2 ಅಂದರೆ 50, ಡೀಫಾಲ್ಟ್ 2. ಯಾರಾದರೂ ಹುಡುಕಾಟ ಬೇಗ ಆಗಲಿ ಎಂದು 200 ಹಾಕಿ, ಬ್ಯಾಂಡನ್ನು 87.5ರಿಂದ ಶುರು ಮಾಡಿದರೆ ಬೆಂಗಳೂರಿನಲ್ಲಿ 91.1, 101.3, 102.9 ಎಲ್ಲ ಸಿಗುತ್ತವೆ, ಏಕೆಂದರೆ ಅವೆಲ್ಲ ಆ ಸರಣಿಯಲ್ಲೇ ಬೀಳುತ್ತವೆ. ಅದೇ ಬೋರ್ಡ್ ಮೈಸೂರಿಗೆ ಹೋದರೆ ಆಕಾಶವಾಣಿಯ 100.6 ಸಿಗುವುದಿಲ್ಲ, ಸರಣಿಯಲ್ಲಿರುವುದು 100.5 ಮತ್ತು 100.7. ಊರು ಬದಲಾದಾಗ ಮಾತ್ರ ಕಾಣುವ ಇಂಥ ದೋಷವನ್ನು ಹಿಡಿಯುವುದು ಕಷ್ಟ, ತಡೆಯುವುದು ಸುಲಭ: ಭಾರತದಲ್ಲಿ 100 ಅಥವಾ 50 ಬಳಸಿ ಎಂದು ಬರೆದಿಟ್ಟರೆ ಸಾಕು.

ಆರ್‌ಡಿಎಸ್: ಇಲ್ಲದ್ದನ್ನು ಇಲ್ಲ ಎಂದು ಬರೆಯುವುದು

ಎಫ್‌ಎಂ ಆರ್‌ಎಕ್ಸ್ ವರ್ಗದಲ್ಲಿ ಸ್ಟೇಷನ್ ಹೆಸರು, ರೇಡಿಯೊ ಟೆಕ್ಸ್ಟ್, ಕಾರ್ಯಕ್ರಮದ ಬಗೆ, ಸಂಚಾರ ಸೂಚನೆ, ಸಂಗೀತವೋ ಮಾತೋ ಎಂಬವುಗಳಿಗೆ ಓದಲು ಮಾತ್ರ ಬರುವ ಕಂಟ್ರೋಲ್‌ಗಳಿವೆ. ಅವನ್ನು ಕಂಡು ಈ ಡ್ರೈವರ್‌ನ ಪುಟಕ್ಕೂ ನಕಲಿಸಬಾರದು. ಅವು ಆರ್‌ಡಿಎಸ್ಸನ್ನು ಡ್ರೈವರ್ ಕಡೆಯೇ ಬಿಡಿಸಿ ಕೊಡುವ ಸಾಧನಗಳಿಗೆ. ಅಂಥ ಟ್ಯೂನರ್ "ಆರ್‌ಡಿಎಸ್ ಕಂಟ್ರೋಲ್ಸ್" ಎಂಬ ಗುಣ ಸಾರುತ್ತದೆ. ಎಸ್‌ಐ470ಎಕ್ಸ್ ಸಾರುವುದು "ಆರ್‌ಡಿಎಸ್ ಬ್ಲಾಕ್ ಐಒ". ಅಂದರೆ ಕಚ್ಚಾ ಬ್ಲಾಕ್‌ಗಳನ್ನು ಮೂರು ಮೂರು ಬೈಟ್‌ಗಳಲ್ಲಿ ಓದಿ ಕೊಡುತ್ತದೆ: ಕೆಳ ಬೈಟ್, ಮೇಲಿನ ಬೈಟ್, ಆಮೇಲೆ ಬ್ಲಾಕ್ ಸಂಖ್ಯೆ ಮತ್ತು ದೋಷದ ಗುರುತು. ಮೂರನೆಯ ಬೈಟ್‌ನ 7ನೇ ಬಿಟ್ ಇದ್ದರೆ ಬ್ಲಾಕ್ ಕೆಟ್ಟಿದೆ, 6ನೇ ಬಿಟ್ ಇದ್ದರೆ ತಿದ್ದಲಾಗಿದೆ. ಉಳಿದ ಬಿಡಿಸುವಿಕೆ ಅಪ್ಲಿಕೇಶನ್‌ನದು.

ಇಲ್ಲಿ ದಾಖಲೆಗೆ ಬೇಕಾದ ಒಂದು ಅಂಕಿ ಇದೆ. ಆರ್‌ಡಿಎಸ್ ವೇಗ ಸೆಕೆಂಡಿಗೆ 1187.5 ಬಿಟ್, ಒಂದು ಬ್ಲಾಕ್ 26 ಬಿಟ್, ಆದ್ದರಿಂದ ಸೆಕೆಂಡಿಗೆ ಸುಮಾರು 45.7 ಬ್ಲಾಕ್. ಡ್ರೈವರ್‌ನ ಬಫರ್ ಡೀಫಾಲ್ಟ್ ಆಗಿ 100 ಬ್ಲಾಕ್ ಹಿಡಿಯುತ್ತದೆ, ಸುಮಾರು 2.2 ಸೆಕೆಂಡಿನಷ್ಟು. ಅಪ್ಲಿಕೇಶನ್ ಅದಕ್ಕಿಂತ ಹೆಚ್ಚು ಹೊತ್ತು ಓದದೆ ಕೂತರೆ ಹಳೆಯ ಬ್ಲಾಕ್‌ಗಳು ಹೋಗುತ್ತವೆ. ಸ್ಟೇಷನ್ ಬದಲಿಸಿದ ಮೇಲೆ ಹಳೆಯ ಸ್ಟೇಷನ್‌ನ ಬ್ಲಾಕ್ ಹೊಸ ಹೆಸರಿನೊಳಗೆ ಬೆರೆಯದಂತೆ, ಮೊದಲ ಬ್ಲಾಕ್‌ನಲ್ಲಿ ಬರುವ ಪಿಐ ಸಂಕೇತ (ಸ್ಟೇಷನ್‌ನ ಗುರುತು) ಬದಲಾಯಿತೇ ಎಂದು ನೋಡಿಕೊಂಡು ಕೂಡಿಟ್ಟ ಅಕ್ಷರಗಳನ್ನು ಅಳಿಸಬೇಕು.

ಓದಲು ಶುರು ಮಾಡಿದ ಕೂಡಲೇ ಡ್ರೈವರ್ ಆರ್‌ಡಿಎಸ್ಸನ್ನು ತಾನೇ ಆನ್ ಮಾಡುತ್ತದೆ. ಮುಂದೆ ಯಾರಾದರೂ ಇದಕ್ಕೆ ಆರ್‌ಡಿಎಸ್ ರಿಸೆಪ್ಷನ್ ಕಂಟ್ರೋಲ್ ಸೇರಿಸಿದರೆ, ಆಫ್ ಮಾಡಿದ ಮೇಲೂ ಓದಿದ ಕೂಡಲೇ ಆನ್ ಆಗುವುದೇ, ಇಲ್ಲವೇ ಎಂಬುದನ್ನು ಮೊದಲು ತೀರ್ಮಾನಿಸಿ ಆಮೇಲೆ ದಾಖಲೆ ಬರೆಯಬೇಕು. ಈ ಪ್ರಕರಣದಲ್ಲಿ ಆ ಕಂಟ್ರೋಲ್ ಸೇರಿಸಲಿಲ್ಲ. ಪುಟದಲ್ಲಿ ಅದು ಇಲ್ಲ ಎಂದೇ ಬರೆಯಲಾಯಿತು.

ಸಾಮಾನ್ಯ ಪುಟದಿಂದ ನಕಲು ಮಾಡುವುದರ ಅಪಾಯಕ್ಕೆ ಒಂದು ಉದಾಹರಣೆ. ರೇಡಿಯೊ ಟೆಕ್ಸ್ಟ್ ಬರುವುದು 2ಎ ಅಥವಾ 2ಬಿ ಎಂಬ ಬಗೆಯ ಬ್ಲಾಕ್ ಗುಂಪುಗಳಲ್ಲಿ. ಅದರ ಉದ್ದದ ಬಗ್ಗೆ ಕರ್ನಲ್ ದಾಖಲೆಯಲ್ಲಿ ಬಹುಕಾಲದಿಂದ ಇರುವ ವಾಕ್ಯ 2ಎಗೆ 32 ಅಕ್ಷರ, 2ಬಿಗೆ 64 ಎನ್ನುತ್ತದೆ. ಲೆಕ್ಕ ಹಾಕಿ ನೋಡಿ: 2ಎ ಗುಂಪಿನಲ್ಲಿ ಎರಡು ಬ್ಲಾಕ್‌ಗಳಲ್ಲಿ ನಾಲ್ಕು ಅಕ್ಷರ, ಸ್ಥಾನ ಸೂಚಿಸಲು 4 ಬಿಟ್, ಅಂದರೆ 16 ತುಂಡು, 16 ಸಲ 4 ಅಂದರೆ 64. 2ಬಿಯಲ್ಲಿ ಒಂದೇ ಬ್ಲಾಕ್, ಎರಡು ಅಕ್ಷರ, 32. ಅಂಕಿಗಳು ಅದಲುಬದಲಾಗಿವೆ. "ಗುಂಪು" ಎನ್ನಬೇಕಾದಲ್ಲಿ "ಬ್ಲಾಕ್" ಎಂದೂ ಇದೆ. ಹಾಗೇ ನಕಲಿಸಿದವರು 2ಎ ಪಠ್ಯಕ್ಕೆ 32 ಅಕ್ಷರದ ಜಾಗ ಕೊಟ್ಟರೆ ಅರ್ಧ ಸಂದೇಶ ಕತ್ತರಿಸಿಹೋಗುತ್ತದೆ.

ಕಾರ್ಯಕ್ರಮದ ಬಗೆಯೂ ಹೀಗೆಯೇ ಜಾರುವಂಥದ್ದು. ಬರುವುದು 0ರಿಂದ 31ರ ಒಂದು ಅಂಕಿ ಮಾತ್ರ. 5 ಅಂದರೆ ಯುರೋಪಿನ ಕೋಷ್ಟಕದಲ್ಲಿ ಶಿಕ್ಷಣ, ಅಮೆರಿಕದ ಕೋಷ್ಟಕದಲ್ಲಿ ರಾಕ್ ಸಂಗೀತ. ಯಾವ ಕೋಷ್ಟಕ ಎಂದು ಹೇಳದ ದಾಖಲೆ ಅಪೂರ್ಣ. ಸ್ಟೇಷನ್ ಹೆಸರಿನ 8 ಅಕ್ಷರಗಳಿಗೂ ಆರ್‌ಡಿಎಸ್‌ನದೇ ಅಕ್ಷರ ಪಟ್ಟಿ ಇದೆ, ಅದರಲ್ಲಿ ಕನ್ನಡ ಇಲ್ಲ. ಹೊಸ ಮಾನಕದ ಉದ್ದ ಹೆಸರಿನಲ್ಲಿ ಯುಟಿಎಫ್-8ರ 32 ಬೈಟ್‌ಗಳಿವೆ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. "ಆಕಾಶವಾಣಿ" 24 ಬೈಟ್, ಹಿಡಿಯುತ್ತದೆ. "ಆಕಾಶವಾಣಿ ಮೈಸೂರು" 43 ಬೈಟ್, ಹಿಡಿಯುವುದಿಲ್ಲ.

ಬೋರ್ಡ್ ಇಲ್ಲದವರು ಈ ಓದುವ ಕಂಟ್ರೋಲ್‌ಗಳನ್ನು ನೋಡಬೇಕೆಂದರೆ ಕರ್ನಲ್‌ನ ವಿವಿಡ್ ಎಂಬ ಕಾಲ್ಪನಿಕ ಸಾಧನದ ಡ್ರೈವರ್ ಸಾಕು. ಅದರಲ್ಲಿ ಆರ್‌ಡಿಎಸ್ ಬ್ಲಾಕ್ ರೂಪದಲ್ಲಿ ಬೇಕೋ ಕಂಟ್ರೋಲ್ ರೂಪದಲ್ಲಿ ಬೇಕೋ ಎಂದು ಆರಿಸಬಹುದು, ಅಮೆರಿಕದ ಬಗೆಯನ್ನೂ ಹುಟ್ಟಿಸಬಹುದು. ಪಠ್ಯದ ಕಂಟ್ರೋಲ್‌ಗಳನ್ನು ಸಾದಾ ಓದುವ ಐಆಕ್ಟಲ್‌ನಿಂದ ಓದಲಾಗದು, ವಿಸ್ತೃತ ಐಆಕ್ಟಲ್ ಬೇಕು. ಬಫರ್ ಪಠ್ಯಕ್ಕಿಂತ ಒಂದು ಬೈಟ್ ದೊಡ್ಡದಿರಬೇಕು, ಚಿಕ್ಕದಾದರೆ ದೋಷ 28 ಬಂದು ಬೇಕಾದ ಗಾತ್ರ ತಿಳಿಯುತ್ತದೆ.

ಕೊನೆಗೆ ಪುಟಕ್ಕೆ ಹೋದ ನಮೂದು

ಟ್ಯೂನ್ ಡಿ-ಎಂಫಸಿಸ್ (ಮೆನು). ರಿಸೀವರ್‌ನ ಡಿ-ಎಂಫಸಿಸ್ ಕಾಲಾಂಕ. ಬೆಲೆಗಳು: 1 = 50 ಮೈಕ್ರೊಸೆಕೆಂಡ್ (ಭಾರತ, ಯುರೋಪ್), 2 = 75 ಮೈಕ್ರೊಸೆಕೆಂಡ್ (ಅಮೆರಿಕ). 0ನೇ ಸ್ಥಾನ ಈ ಸಾಧನದಲ್ಲಿ ಇಲ್ಲ, ಬರೆದರೆ ಈ-ಇನ್‌ವಾಲ್. 2ಕ್ಕಿಂತ ಹೆಚ್ಚು ಬರೆದರೆ ಈ-ರೇಂಜ್. ಡೀಫಾಲ್ಟ್ 1, ಡ್ರೈವರ್ ಲೋಡ್ ಮಾಡುವಾಗ ಡಿಇ ಪ್ಯಾರಾಮೀಟರ್ 0 ಕೊಟ್ಟಿದ್ದರೆ 2. ಪ್ಯಾರಾಮೀಟರ್‌ನ ಅಂಕಿ ಚಿಪ್‌ನದು (0 = 75, 1 = 50), ಈ ಮೆನುವಿನದಲ್ಲ. ಬೆಲೆ ಕೂಡಲೇ ಜಾರಿಗೆ ಬರುತ್ತದೆ, ಮತ್ತೆ ಟ್ಯೂನ್ ಮಾಡಬೇಕಿಲ್ಲ. ಸಾಧನವನ್ನು ಮುಚ್ಚಿ ತೆರೆದರೂ ಉಳಿಯುತ್ತದೆ. ಡ್ರೈವರ್ ಇಳಿಸಿದರೆ ಉಳಿಯುವುದಿಲ್ಲ.

ಮೊದಲ ಕರಡಿಗಿಂತ ಇದು ಹಲವು ಪಟ್ಟು ಉದ್ದ. ಆದರೆ ಪ್ರತಿ ವಾಕ್ಯದ ಹಿಂದೆ ಒಂದು ಪರೀಕ್ಷೆ ಇದೆ. "ಮುಚ್ಚಿ ತೆರೆದರೂ ಉಳಿಯುತ್ತದೆ" ಎಂಬುದು ಡ್ರೈವರ್ ತಿದ್ದುವವರೆಗೆ ಬರೆಯಲಾಗದ ವಾಕ್ಯವಾಗಿತ್ತು, ಹಾಗಾಗಿ ತಿದ್ದುಪಡಿಯೂ ದಾಖಲೆಯೂ ಒಂದೇ ಪ್ಯಾಚ್ ಸರಣಿಯಲ್ಲಿ ಹೋಗಬೇಕು, ತಿದ್ದುಪಡಿ ಮೊದಲು.

ವಿ4ಎಲ್2 ಕಂಪ್ಲಯನ್ಸ್ ಉಪಕರಣವನ್ನು ರೇಡಿಯೊ ಕಡತದ ಮೇಲೆ ಓಡಿಸುವುದು ಕಡ್ಡಾಯ. ಮೆನುವಿನ ಸ್ಥಾನಗಳು, ದೋಷ ಸಂಖ್ಯೆಗಳು, ಸಾರಿದ ಗುಣಗಳಿಗೂ ಇರುವ ಕಂಟ್ರೋಲ್‌ಗಳಿಗೂ ಹೊಂದಿಕೆ ಇವನ್ನೆಲ್ಲ ಅದು ನೋಡುತ್ತದೆ. ಆದರೆ 50 ಎಂದಾಗ ಚಿಪ್‌ನಲ್ಲಿ ನಿಜವಾಗಿ 50 ಇದೆಯೇ ಎಂದು ಅದಕ್ಕೆ ತಿಳಿಯದು. ಅದಕ್ಕೆ 21ನೇ ಬೈಟ್ ಮತ್ತು 12 ಡೆಸಿಬೆಲ್ ಗೆರೆಯೇ ಬೇಕು, ಅದೂ ಸಾಧನವನ್ನು ಒಮ್ಮೆ ಮುಚ್ಚಿ ತೆರೆದ ಮೇಲೆ.